ಕುಡಿತ ಚಟವೋ, ರೋಗವೋ? ಭೀಮಾ ದಂಡೆಯ ಒಂದು ಹಳೇ ಲೆಕ್ಕ



"ಕುಡಿತ ಒಂದು ರೋಗ" ಅಂತ ನಮ್ಮೂರ ಕಟ್ಟೆಯ ಮೇಲೆ ಕೂತು ಒಮ್ಮೆ ಹೇಳಿ ನೋಡಿ. ನಕ್ಕುಬಿಡ್ತಾರೆ. "ಜ್ವರ ಬಂದ್ರ ರೋಗ, ಹೊಟ್ಟಿಬ್ಯಾನಿ ಬಂದ್ರ ರೋಗ. ತಾನ ನಡಕೊಂತ ಹೋಗಿ, ರೊಕ್ಕಾ ಕೊಟ್ಟು, ಬಾಟ್ಲಿ ತಗೊಂಡು ಕುಡಿಯೋದು ಎಂಥಾ ರೋಗೋ ತಮ್ಮಾ?" ಅಂತ ಕೇಳ್ತಾರೆ. ತೆಗೆದುಹಾಕುವಂಥ ಪ್ರಶ್ನೆ ಅಲ್ಲ ಇದು. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಹೆಚ್ಚುಕಡಿಮೆ ಇದೇ ಪ್ರಶ್ನೆ ಬಂದಿತ್ತು. ಕುಡಿದು ಬೀದಿಯಲ್ಲಿ ಸಿಕ್ಕಿಬಿದ್ದ ಪೊವೆಲ್ ಎಂಬಾತ, "ನನ್ನದು ರೋಗ, ರೋಗಕ್ಕೆ ಶಿಕ್ಷೆ ಕೊಡಬಾರದು" ಅಂತ ವಾದಿಸಿದ್ದ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಶಿಕ್ಷೆ ಸರಿ ಅಂದರು, ನಾಲ್ವರು ತಪ್ಪು ಅಂದರು. ಅಷ್ಟು ಓದಿದವರೇ ಐದು-ನಾಲ್ಕು ಅಂತ ಒಡೆದುಹೋದ ಮೇಲೆ ನಮ್ಮೂರ ಕಟ್ಟೆಯವರು ನಕ್ಕರೆ ಬೇಜಾರು ಯಾಕೆ? :)

ಆದರೆ ಈ ಪ್ರಶ್ನೆಗೆ ಒಂದು ಇತಿಹಾಸ ಇದೆ. ಆ ಇತಿಹಾಸದ ಒಳ್ಳೇ ಪಾಲು ನಮ್ಮ ಭಾಗದಲ್ಲೇ, ಭೀಮಾ ನದಿಯ ಎರಡು ದಂಡೆಗಳ ಮೇಲೆ ನಡೆದಿದೆ. ಅದನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು.

ನಾವು ಸಾಫ್ಟ್‌ವೇರ್ ಮಂದಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಯಾವುದೇ ತೊಂದರೆ ಬಂದರೂ ಮೊದಲು ಅದಕ್ಕೊಂದು ಟಿಕೆಟ್ ಹಾಕ್ತೀವಿ. ಆ ಟಿಕೆಟ್‌ಗೆ ಯಾವ ಹೆಸರು ಕೊಡ್ತೀವೋ ಅದರ ಮೇಲೆ ಅದು ಯಾವ ಟೀಮಿಗೆ ಹೋಗುತ್ತೆ ಅನ್ನೋದು ತೀರ್ಮಾನ ಆಗುತ್ತೆ. ನೆಟ್‌ವರ್ಕ್ ಅಂದರೆ ಒಬ್ಬರು, ಡೇಟಾಬೇಸ್ ಅಂದರೆ ಇನ್ನೊಬ್ಬರು. ಕುಡಿತಕ್ಕೂ ಹಾಗೇ. ಪಾಪ ಅಂದರೆ ಟಿಕೆಟ್ ಮಠಕ್ಕೆ ಹೋಯಿತು. ಅಪರಾಧ ಅಂದರೆ ಪೊಲೀಸರಿಗೆ. ಆದಾಯ ಅಂದರೆ ಅಬಕಾರಿಗೆ. ರೋಗ ಅಂದರೆ ಡಾಕ್ಟರಿಗೆ. "ಅವನ ಚಟ, ಏನ್ ಮಾಡೋದು" ಅಂದುಬಿಟ್ಟರೆ? ಟಿಕೆಟ್ ಸೀದಾ ಅವನ ಹೆಂಡತಿಯ ಹೆಸರಿಗೆ! ಎಂಟುನೂರು ವರ್ಷದಲ್ಲಿ ನಮ್ಮ ಕಡೆ ಈ ಹೆಸರುಗಳೆಲ್ಲ ಒಂದಾದ ಮೇಲೊಂದು ಬಂದವು. ಕಡೆಯದು, ಅಂದರೆ ರೋಗ ಅನ್ನೋದು, ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ.

ಮೊದಲು ಊರಿನ ಗುರುತು ಹೇಳಿಬಿಡ್ತೀನಿ. ಮಣ್ಣೂರ ಇರೋದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಗೆ. ಯಲ್ಲಮ್ಮನ ಗುಡಿಯಿಂದ ಹೆಸರಾದ ಊರು. ಹೊಳೆ ದಾಟಿದರೆ ವಿಜಯಪುರ ಜಿಲ್ಲೆಯ ಇಂಡಿ ಸೀಮೆ. ಪಶ್ಚಿಮಕ್ಕೆ ಸ್ವಲ್ಪ ಹೋದರೆ ಮಹಾರಾಷ್ಟ್ರ. ಜೋಳ, ತೊಗರಿ, ಕಬ್ಬು. ಹೊಳೆ ಬಂದರೆ ನೀರಿನ ಭಯ, ಬರದಿದ್ದರೆ ಬರದ ಭಯ. ಕುಡಿಯೋರಿಗೆ ಎರಡೂ ನೆಪವೇ.

ಈಗ ಹನ್ನೆರಡನೇ ಶತಮಾನಕ್ಕೆ ಹೋಗೋಣ. ಆಗ ನಮ್ಮ ಭಾಗದ ರಾಜಧಾನಿ ಕಲ್ಯಾಣ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮದ್ಯಪಾನವೂ ಅರಮನೆಯ ಒಂದು ವಿನೋದ. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಹೆಂಡದ ಮಾರಯ್ಯ ಎಂಬ ಶರಣ ಇದ್ದ. ಹೆಂಡ ಮಾರುವುದು ಅವನ ಕಸುಬು. 'ಧರ್ಮೇಶ್ವರಲಿಂಗ' ಅಂಕಿತದಲ್ಲಿ ವಚನ ಬರೆದ. ತನ್ನ ಕಸುಬಿನ ಮಾತುಗಳನ್ನೇ, ಹೆಂಡ, ಮಡಕೆ, ಅಮಲು ಇವನ್ನೇ ಅಧ್ಯಾತ್ಮ ಹೇಳೋಕೆ ಬಳಸಿದ. ಅರಮನೆಯಲ್ಲಿ ಕುಡಿದರೆ ವಿನೋದ, ಅಂಗಡಿಯ ಮುಂದೆ ಕುಡಿದರೆ ದೋಷ. ಕುಡಿಯೋ ವಸ್ತು ಒಂದೇ ಆದರೂ ಕುಡಿಯೋನು ಯಾರು ಅನ್ನೋದರ ಮೇಲೆ ಹೆಸರು ಬದಲಾಗುವ ಚಾಳಿ ಅಷ್ಟು ಹಳೆಯದು. ಈಗಲೂ ನೋಡಿ, ಬೆಂಗಳೂರಿನ ಪಬ್ಬಿನಲ್ಲಿ ನಾವು ಮಾಡಿದರೆ 'ಟೀಮ್ ಔಟಿಂಗ್'!

 ಶರಣರಿಗೆ ಇಂದ್ರಿಯ ನಿಗ್ರಹ ಇದೆಯೋ ಇಲ್ಲವೋ ಅನ್ನೋದೇ ಮುಖ್ಯ ಪ್ರಶ್ನೆ. ಟಿಕೆಟ್ ದೇವರ ಹೆಸರಿಗೆ, ಗುರುವಿನ ಹೆಸರಿಗೆ.

ಮುಂದೆ ನಿಜಾಮರ ಕಾಲ. ಅಫಜಲಪುರ ಸೇರಿದಂತೆ ಗುಲಬರ್ಗಾ ಜಿಲ್ಲೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕಡಲತೀರದವರ ಶೇಂದಿ ತೆಂಗಿನದು, ತಾಳೆಯದು. ನಮ್ಮ ಕಡೆಯ ಸಿಂದಿ ಈಚಲ ಮರದ್ದು. ಬೆಳಿಗ್ಗೆ ಇಳಿಸಿದ್ದು ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿ ಅಮಲೇರುತ್ತೆ. ಅಮಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಬಿಯರಿನ ಜಾತಿ. ಮರ ಇಳಿಸೋದು, ಸೆರೆ ಕಾಯಿಸೋದು, ಅಂಗಡಿ ಇಡೋದು, ಎಲ್ಲಕ್ಕೂ ಗುತ್ತಿಗೆ, ಹರಾಜು. ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯ. 'ಅಬಕಾರಿ' ಅನ್ನೋ ಪದವೂ ಪಾರ್ಸಿಯಿಂದಲೇ ಬಂದದ್ದು. ಹೊಳೆಯಾಚೆ ಬ್ರಿಟಿಷರ ಮುಂಬಯಿ ಪ್ರಾಂತದಲ್ಲೂ ಲೆಕ್ಕ ಬೇರೆ ಇರಲಿಲ್ಲ. ಎರಡೂ ಸರ್ಕಾರಗಳಿಗೆ ಕುಡುಕ ಅಂದರೆ ಗಿರಾಕಿ. ಗಿರಾಕಿಗೆ ಯಾರಾದರೂ ಔಷಧಿ ಕೊಡ್ತಾರಾ?

ಸ್ವಾತಂತ್ರ್ಯ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಮುಂಬಯಿ ಸರ್ಕಾರ 1949ರಲ್ಲಿ ಪಾನನಿರೋಧ ಕಾಯ್ದೆ ಮಾಡಿತು, 1950ರಿಂದ ರಾಜ್ಯದ ತುಂಬ ಜಾರಿಗೆ ತಂದಿತು. ಆಗ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದ್ದು, ಅಂದರೆ ಇಂಡಿ ಕಡೆ ಕುಡಿದರೆ ಅಪರಾಧ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಿಂದ ಭಾರತಕ್ಕೆ ಸೇರಿದ ಹೈದರಾಬಾದಿನಲ್ಲಿ ಅಬಕಾರಿ ಅಂಗಡಿಗಳು ಹಾಗೇ ನಡೆದವು. ಅಂದರೆ 1956ರ ನವೆಂಬರ್ 1ಕ್ಕೆ ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಸೇರುವ ಮುನ್ನ ಭೀಮಾ ಬರೀ ನದಿಯಲ್ಲ, ಕುಡಿತದ ಗಡಿ. ಈ ದಂಡೆಗೆ ಗಿರಾಕಿ, ಆ ದಂಡೆಗೆ ಅಪರಾಧಿ. ಮನುಷ್ಯ ಅವನೇ, ಮೈಯೊಳಗೆ ಆಗೋದೂ ಅದೇ!

ಈ ಮುಂಬಯಿ ಕಾಯ್ದೆಯಲ್ಲಿ ಇನ್ನೊಂದು ತಮಾಷೆ ಇದೆ. ಕುಡಿಯಬಾರದು ಅಂದ ಮೇಲೂ ಪರ್ಮಿಟ್ ಕೊಡೋ ದಾರಿ ಇಟ್ಟರು. ಆ ಪರ್ಮಿಟ್‌ಗೆ ಕಾರಣ 'ಆರೋಗ್ಯ'. ಅದೇ ಕಾಯ್ದೆಯ ಸಂತಾನವಾದ ಮಹಾರಾಷ್ಟ್ರದ ಪರ್ಮಿಟ್‌ನಲ್ಲಿ ಆರೋಗ್ಯ ಕಾಪಾಡಿಕೊಳ್ಳಲು ಮದ್ಯ ಸೇವಿಸಬಹುದು ಅನ್ನೋ ಅರ್ಥದ ಒಕ್ಕಣೆ ಮುಂದುವರಿದುಕೊಂಡು ಬಂತು. ಗುಜರಾತಿನಲ್ಲೂ 'ಹೆಲ್ತ್ ಪರ್ಮಿಟ್' ಬಂತು. ರೋಗ ಅನ್ನೋ ಮಾತು ನಮ್ಮ ಕಾನೂನಿನ ಒಳಗೆ ಹೀಗೆ ಹಿಂಬಾಗಿಲಿನಿಂದ ನುಸುಳಿತು. ಕುಡಿತವೇ ರೋಗ ಅಂತಲ್ಲ, ರೋಗಕ್ಕೆ ಕುಡಿತ ಮದ್ದು ಅಂತ!

ಪಾನನಿರೋಧದ ಹಿಂದೆ ಇದ್ದದ್ದು ಗಾಂಧೀಜಿ. ಬಹಳ ಜನಕ್ಕೆ ಗೊತ್ತಿರದ ಸಂಗತಿ ಅಂದರೆ, ಕುಡಿತ ದುರ್ಗುಣಕ್ಕಿಂತ ಹೆಚ್ಚಾಗಿ ಒಂದು ರೋಗ ಅಂತ 1920ರ ದಶಕದಲ್ಲೇ ಅವರು 'ಯಂಗ್ ಇಂಡಿಯಾ'ದಲ್ಲಿ ಬರೆದಿದ್ದರು. ಬಿಡಬೇಕು ಅಂತ ಮನಸ್ಸಿದ್ದೂ ಬಿಡಲಾಗದವರನ್ನು ಅವರು ಕಣ್ಣಾರೆ ಕಂಡಿದ್ದರು. ಇವತ್ತಿನ ಡಾಕ್ಟರುಗಳ ಮಾತಿಗೂ ಇದಕ್ಕೂ ಹೆಚ್ಚು ದೂರ ಇಲ್ಲ. ಆದರೆ ಅವರು ತೆಗೆದ ತೀರ್ಮಾನ ನೋಡಿ. ರೋಗಿಗೆ ತನ್ನಿಂದಲೇ ತನಗೆ ರಕ್ಷಣೆ ಬೇಕು, ಆದ್ದರಿಂದ ಅಂಗಡಿ ಮುಚ್ಚಿ. ಸಂವಿಧಾನದ 47ನೇ ವಿಧಿಯೂ ಸಾರ್ವಜನಿಕ ಆರೋಗ್ಯವನ್ನು ಉತ್ತಮಪಡಿಸುವ ಮಾತಿನ ಜೊತೆಗೇ ಪಾನನಿರೋಧದ ಮಾತಾಡುತ್ತೆ. ಅಂಗಡಿ ಮುಚ್ಚಿದ ಮರುದಿನ ಆ ರೋಗಿಯ ಗತಿ ಏನು, ಅವನನ್ನು ಯಾವ ದವಾಖಾನೆಗೆ ಒಯ್ಯಬೇಕು ಅನ್ನೋದಕ್ಕೆ ಕಾನೂನಿನಲ್ಲಿ ಜಾಗ ಸಿಗಲಿಲ್ಲ. ಹೆಸರು ರೋಗದ್ದು, ಟಿಕೆಟ್ ಮಾತ್ರ ಪೊಲೀಸರಿಗೆ ಹೋಯಿತು. ಮೈಸೂರು ರಾಜ್ಯದಲ್ಲಿ 1960ರ ದಶಕದ ಕೊನೆಗೆ ಪಾನನಿರೋಧವನ್ನೇ ಕೈಬಿಟ್ಟರು. ಟಿಕೆಟ್ ಮತ್ತೆ ಅಬಕಾರಿಗೆ.

ಅಷ್ಟರಲ್ಲಿ ಹೊರದೇಶದಲ್ಲಿ ಏನಾಗ್ತಿತ್ತು? ಸ್ವಲ್ಪ ಅಲ್ಲಿಗೂ ಹೋಗಿ ಬರೋಣ, ಯಾಕಂದರೆ 'ರೋಗ' ಅನ್ನೋ ಪದ ಅಲ್ಲಿಂದಲೇ ನಮ್ಮ ಆಸ್ಪತ್ರೆಗಳಿಗೆ ಬಂದದ್ದು.

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಡಾ. ಬೆಂಜಮಿನ್ ರಷ್ 1784ರಲ್ಲಿ ಒಂದು ಪುಟ್ಟ ಪುಸ್ತಕ ಬರೆದು, ವಿಪರೀತ ಕುಡಿತ ಒಂದು ಕಾಯಿಲೆ ಅಂದರು. ಬ್ರಿಟಿಷ್ ನೌಕಾಪಡೆಯ ವೈದ್ಯ ಥಾಮಸ್ ಟ್ರಾಟರ್ 1804ರಲ್ಲಿ ಅದನ್ನು ಮನಸ್ಸಿನ ಕಾಯಿಲೆ ಅಂದರು. ಸ್ವೀಡನ್ನಿನ ಮ್ಯಾಗ್ನಸ್ ಹುಸ್ 1849ರಲ್ಲಿ 'ಆಲ್ಕೋಹಾಲಿಸಂ' ಎಂಬ ಪದವನ್ನೇ ಟಂಕಿಸಿದರು. 1935ರಲ್ಲಿ ಇಬ್ಬರು ಕುಡುಕರು, ಒಬ್ಬ ಷೇರುಪೇಟೆಯವ, ಇನ್ನೊಬ್ಬ ಡಾಕ್ಟರು, ಒಬ್ಬರಿಗೊಬ್ಬರು ಆಸರೆಯಾಗಿ 'ಆಲ್ಕೋಹಾಲಿಕ್ಸ್ ಅನಾನಿಮಸ್' ಶುರು ಮಾಡಿದರು. 1956ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್, ಇಂಥವರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳಬೇಕು ಎಂದು ನಿರ್ಣಯ ಮಾಡಿತು. 1960ರಲ್ಲಿ ಜೆಲ್ಲಿನೆಕ್ ಅವರ ಪ್ರಸಿದ್ಧ ಪುಸ್ತಕ ಬಂತು, ಹೆಸರಿನಲ್ಲೇ ರೋಗದ ಪರಿಕಲ್ಪನೆ.

ಜೆಲ್ಲಿನೆಕ್ ಲೆಕ್ಕದಲ್ಲಿ ಲೋಪ ಇತ್ತು. ಕುಡಿತ ಹಂತಹಂತವಾಗಿ ಹೀಗೇ ಬೆಳೆಯುತ್ತೆ ಅಂತ ಅವರು ಮೊದಲು ಬರೆದಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್ ಸದಸ್ಯರು ತುಂಬಿ ಕಳಿಸಿದ ನೂರಕ್ಕೂ ಕಡಿಮೆ ಫಾರ್ಮುಗಳನ್ನು ನೋಡಿ, ಅದೂ ಬರೀ ಗಂಡಸರದ್ದು. ಅಷ್ಟು ಸಣ್ಣ ಸ್ಯಾಂಪಲ್ ಇಟ್ಟುಕೊಂಡು ನಮ್ಮ ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣವನ್ನೂ ಬದಲಿಸಲ್ಲ! ಮುಂದೆ 1976ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ ಎಂಬಿಬ್ಬರು ಹೆಚ್ಚು ಎಚ್ಚರಿಕೆಯ ಮಾತಾಡಿದರು. ರೋಗ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಅವಲಂಬನೆ ಎಷ್ಟಿದೆ ಅಂತ ಅಳೆಯಿರಿ ಅಂದರು. ಕಡಿಮೆಯಿಂದ ಹೆಚ್ಚಿನವರೆಗೆ ಒಂದು ಮೆಟ್ಟಿಲಸಾಲು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಗೆ 'ಮದ್ಯ ಅವಲಂಬನೆ' ಸೇರಿತು. 2022ರಿಂದ ಜಾರಿಯಲ್ಲಿರುವ ಹನ್ನೊಂದನೇ ಆವೃತ್ತಿಯಲ್ಲೂ ಇದೆ.

ನನಗೆ ಒಪ್ಪಿಗೆಯಾಗೋದು ಈ ಮೆಟ್ಟಿಲಸಾಲೇ. ಕುಡಿಯೋರೆಲ್ಲ ರೋಗಿಗಳಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವಲಂಬನೆಯ ಮಟ್ಟ ಮುಟ್ಟಿದವರು ಸುಮಾರು 2.9 ಕೋಟಿ. ಅಂದರೆ ಕುಡಿಯೋ ಐದಾರು ಜನರಲ್ಲಿ ಒಬ್ಬ. ಕಟ್ಟೆಯವರು ನಗೋದು ಉಳಿದ ನಾಲ್ಕೈದು ಜನರನ್ನು ನೋಡಿ, ಡಾಕ್ಟರು ಮಾತಾಡೋದು ಆ ಒಬ್ಬನ ಬಗ್ಗೆ. ಜಗಳ ಇರೋದೇ ಇಲ್ಲಿ.

ಆ ಒಬ್ಬನ ಮೈಯಲ್ಲಿ ಏನಾಗಿರುತ್ತೆ? ಸರಳವಾಗಿ ಹೇಳ್ತೀನಿ. ಮದ್ಯ ಮೆದುಳಿನ ಬ್ರೇಕನ್ನು ಒತ್ತುತ್ತೆ. ವರ್ಷಗಟ್ಟಲೆ ದಿನಾ ಬ್ರೇಕ್ ಒತ್ತಿಯೇ ಇದ್ದರೆ ಮೆದುಳು ಸುಮ್ಮನಿರಲ್ಲ, ಸರಿದೂಗಿಸೋಕೆ ಆಕ್ಸಿಲರೇಟರನ್ನು ಇನ್ನಷ್ಟು ತುಳಿಯೋದನ್ನು ಕಲಿಯುತ್ತೆ. ಒಂದು ದಿನ ಇದ್ದಕ್ಕಿದ್ದಂತೆ ಮದ್ಯ ನಿಂತರೆ ಬ್ರೇಕ್ ಮಾಯ, ಆಕ್ಸಿಲರೇಟರ್ ಪೂರ್ತಿ ಕೆಳಗೆ! ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು. ಒಂದೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ. ಇಲ್ಲದ ಹುಳ ಕಾಣುತ್ತೆ, ಇಲ್ಲದ ದನಿ ಕೇಳುತ್ತೆ, ಮನೆಯವರ ಗುರುತು ಹತ್ತಲ್ಲ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. 1813ರಲ್ಲೇ ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ ಇದಕ್ಕೆ 'ಡಿಲಿರಿಯಂ ಟ್ರೆಮೆನ್ಸ್' ಅಂತ ಹೆಸರಿಟ್ಟಿದ್ದರು.

ಬರೀ ಚಟ ಆಗಿದ್ದರೆ ಬಿಟ್ಟಾಗ ಬೇಜಾರಾಗಬಹುದು, ಸಿಟ್ಟು ಬರಬಹುದು. ಪ್ರಾಣ ಹೋಗಲ್ಲ. ರೋಗ ಅನ್ನೋದಕ್ಕೆ ನನಗೆ ಸಿಕ್ಕ ಗಟ್ಟಿ ಸಾಕ್ಷಿ ಇದೇ. ಇದು ಕಾಣೋದು ಕುಡಿಯೋವಾಗ ಅಲ್ಲ, ಬಿಟ್ಟಾಗ.

ಈಗ ವಾಪಸ್ ನಮ್ಮ ಕಡೆ ಬರೋಣ. ಸರ್ಕಾರ ಕೈಬಿಟ್ಟ ಟಿಕೆಟನ್ನು ಮತ್ತೆ ಎತ್ತಿಕೊಂಡಿದ್ದು ಮಠ. ಚಿತ್ತರಗಿ-ಇಳಕಲ್ಲ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಶುರು ಮಾಡಿದರು. ಜೋಳಿಗೆ ಹಿಡಿದು ಊರೂರಿಗೆ, ಓಣಿ ಓಣಿಗೆ ಹೋಗಿ, ಕಾಳಲ್ಲ, ಕಾಸಲ್ಲ, ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ ಅಂದರು. ಎಂಥಾ ಸುಂದರ ಯೋಚನೆ ನೋಡಿ! ಕುಡುಕನಿಗೆ ಬೈಯಲಿಲ್ಲ, ಅವನನ್ನು ದಾನಿ ಮಾಡಿದರು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಕಡೆಯಿಂದ 1990ರ ದಶಕದಲ್ಲಿ ಮದ್ಯವರ್ಜನ ಶಿಬಿರಗಳು ಶುರುವಾದವು. ಊರ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ಒಂದು ವಾರ ಒಟ್ಟಿಗೆ ಇಟ್ಟುಕೊಂಡು, ಹೆಂಡತಿ ಮಕ್ಕಳನ್ನೂ ಕರೆಸಿ, ಬಿಡಿಸೋ ಪದ್ಧತಿ. ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನದವರು 1989ರಿಂದ ಇಂಥದ್ದೇ ಶಿಬಿರವನ್ನು ಡಾಕ್ಟರುಗಳ ಜೊತೆ ಮಾಡಿ ತೋರಿಸಿದ್ದರು.

ಜೋಳಿಗೆಯನ್ನು ಅವೈಜ್ಞಾನಿಕ ಅಂತ ತಳ್ಳಿಹಾಕೋರ ಪೈಕಿ ನಾನಲ್ಲ. ಹತ್ತು ಜನರ ಮುಂದೆ ಮಾತು ಕೊಡೋದು, ಊರವರೆಲ್ಲ ಬೆನ್ನಿಗೆ ನಿಲ್ಲೋದು, ಬಿಟ್ಟವನಿಗೆ ಮರ್ಯಾದೆ ಸಿಗೋದು, ಇವು ಯಾವ ಮಾತ್ರೆಗೂ ಕಡಿಮೆ ಇಲ್ಲ. ಆದರೆ ಇಪ್ಪತ್ತು ವರ್ಷ ದಿನಾ ಕುಡಿದವನು ಇವತ್ತು ಜೋಳಿಗೆಗೆ ಹಾಕಿ ಮನೆಗೆ ಹೋದರೆ ಮೂರನೇ ರಾತ್ರಿ ಅವನ ಪಕ್ಕ ಒಬ್ಬ ಡಾಕ್ಟರೂ ಇರಬೇಕು. ಜೋಳಿಗೆ ಮನಸ್ಸಿಗೆ, ಮಾತ್ರೆ ಮೆದುಳಿಗೆ. ಒಂದು ಇನ್ನೊಂದರ ಜಾಗ ತುಂಬಲ್ಲ.

2007ಕ್ಕೆ ಬರೋಣ. ಆ ಹೊತ್ತಿಗಾಗಲೇ ನಮ್ಮ ಕಡೆ ಸಿಂದಿ ಮೂಲೆಗೆ ಸೇರಿತ್ತು. ಊರೂರಿಗೆ ಸಾರಾಯಿ ಪಾಕೀಟು ಬಂದಿತ್ತು, ಹಲ್ಲಿಂದ ಕಚ್ಚಿ ಹರಿದು ಕುಡಿಯೋ ಪ್ಲಾಸ್ಟಿಕ್ ಪಾಕೀಟು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹೆಂಗಸರು ಖುಷಿಪಟ್ಟರು. ಆದರೆ ಕುಡಿತ ನಿಲ್ಲಲಿಲ್ಲ, ಪಾಕೀಟಿನಿಂದ ನೈಂಟಿಗೆ ಬಡ್ತಿ ಪಡೆಯಿತು. ಶೇಕಡಾ 42.8 ಮದ್ಯಸಾರದ ಅಗ್ಗದ ವಿಸ್ಕಿ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಕಡೆ ಮತ್ತು ಪಕ್ಕದ ತಮಿಳುನಾಡಿನಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅವಲಂಬನೆ ಹಿಡಿದವನಿಗೆ ಅಂಗಡಿ ಮುಚ್ಚಿದೆ ಅನ್ನೋದು ಸುದ್ದಿ, ನಡುಗೋ ಕೈ ಮಾತ್ರ ವಾಸ್ತವ.

ಇನ್ನೊಂದು ಉದಾಹರಣೆ ನಮ್ಮ ನೆರೆಯ ತೆಲಂಗಾಣದ್ದು, ನಿಜಾಮರ ಅದೇ ಹಳೇ ಸೀಮೆ. ಅಲ್ಲಿ ಸಿಂದಿಗೆ ಕ್ಲೋರಲ್ ಹೈಡ್ರೇಟ್, ನಿದ್ದೆ ಮಾತ್ರೆಯ ಪುಡಿ ಕಲಬೆರಕೆ ಮಾಡೋರು. 2015ರಲ್ಲಿ ಸರ್ಕಾರ ಕಲಬೆರಕೆಯ ಮೇಲೆ ಬಿಗಿ ಮಾಡಿದಾಗ ಮೆಹಬೂಬನಗರ, ನಿಜಾಮಾಬಾದ್ ಜಿಲ್ಲೆಗಳಲ್ಲಿ ನೂರಾರು ಜನ ನಡುಕ, ಫಿಟ್ಸ್, ಭ್ರಮೆ ಅಂತ ಆಸ್ಪತ್ರೆ ಸೇರಿದರು. ವಿಷ ಕುಡಿದದ್ದಕ್ಕಲ್ಲ, ವಿಷ ಸಿಗದೇ ಹೋದದ್ದಕ್ಕೆ!

ಆಮೇಲೆ 2020. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ದೇಶದ ಅಂಗಡಿಗಳೆಲ್ಲ ಒಂದೇ ಸಲ ಬಂದ್. ಯಾವ ವಿಜ್ಞಾನಿಯೂ ಮಾಡಲಾಗದ ದೊಡ್ಡ ಪ್ರಯೋಗ. ಕೇರಳದಲ್ಲಿ ಮದ್ಯ ಸಿಗದೆ ಆತ್ಮಹತ್ಯೆಗಳಾದವು. ಅಲ್ಲಿನ ಸರ್ಕಾರ ಡಾಕ್ಟರ ಚೀಟಿ ತಂದರೆ ಮದ್ಯ ಕೊಡ್ತೀವಿ ಅಂತ ಆದೇಶ ಮಾಡಿತು. ವೈದ್ಯರ ಸಂಘ ವಿರೋಧಿಸಿತು. ಇದು ರೋಗ, ಇದಕ್ಕೆ ಔಷಧಿ ಬೇರೆ ಇದೆ, ಮದ್ಯ ಔಷಧಿ ಅಲ್ಲ ಅಂದರು. ಏಪ್ರಿಲ್ 2ರಂದು ಕೇರಳ ಹೈಕೋರ್ಟ್ ಆದೇಶಕ್ಕೆ ತಡೆ ಕೊಟ್ಟಿತು. ಎಪ್ಪತ್ತು ವರ್ಷದ ಹಿಂದಿನ ಮುಂಬಯಿಯ ಆರೋಗ್ಯ ಪರ್ಮಿಟ್ ಮತ್ತೆ ಬಾಗಿಲು ತಟ್ಟಿದಂತಿತ್ತು. ಬೆಂಗಳೂರಿನಲ್ಲಿ ಮದ್ಯ ಬಿಟ್ಟು ಸನ್ನಿ ಹಿಡಿದು ಆಸ್ಪತ್ರೆಗೆ ಬಂದವರ ದಿನದ ಸರಾಸರಿ ಆ ದಿನಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು ಅಂತ ವೈದ್ಯರು ಆಮೇಲೆ ಲೆಕ್ಕ ಹಾಕಿ ಪ್ರಕಟಿಸಿದರು.

ಆ ಲೆಕ್ಕಕ್ಕೆ ಸೇರದವರು ಹಳ್ಳಿಗಳಲ್ಲಿದ್ದರು. ನಮ್ಮ ಸಂಬಂಧಿಕರಲ್ಲೇ ಒಬ್ಬರು, ನನಗೆ ಕಾಕಾ ಆಗಬೇಕು. ಅಂಗಡಿ ಬಂದಾದ ಮೂರನೇ ರಾತ್ರಿ ಗೋಡೆಯ ಮೇಲೆ ಇರುವೆ ಹರಿದಾಡ್ತಾವೆ ಅಂತ ಕೂಗಾಡಿದರಂತೆ, ನಸುಕಿಗೆ ಫಿಟ್ಸ್ ಬಂತಂತೆ. ಮನೆಯವರಿಗೆ ಹೊಳೆದದ್ದು ಒಂದೇ, "ಗಾಳಿ ಬಡದೈತಿ". ನಮ್ಮ ತಾಲೂಕಿನಲ್ಲೇ ಭೀಮಾ-ಅಮರ್ಜಾ ಸಂಗಮದ ದೇವಲ ಗಾಣಗಾಪುರ ಇದೆ. ದತ್ತನ ಸನ್ನಿಧಿಗೆ ಗಾಳಿ ಹಿಡಿದವರನ್ನು ಕರೆದೊಯ್ಯೋದು ತಲೆತಲಾಂತರದ ರೂಢಿ. ಲಾಕ್‌ಡೌನ್ ಆಗಿ ಗುಡಿಯೂ ಬಂದ್. ಹಾಗಾಗಿ ದವಾಖಾನೆಗೆ ಒಯ್ದರು, ಜೀವ ಉಳಿಯಿತು. ವಿಟಮಿನ್ ಇಂಜೆಕ್ಷನ್, ನಡುಕ ತಡೆಯೋ ಮಾತ್ರೆ, ನಾಲ್ಕೈದು ದಿನದ ಆರೈಕೆ, ಇಷ್ಟೇ.

ಮೇ 4ಕ್ಕೆ ರಾಜ್ಯದಲ್ಲಿ ಅಂಗಡಿ ತೆರೆದಾಗ ಕಾಕಾ ಸಾಲಿನಲ್ಲಿದ್ದರು. "ರೋಗ ವಾಸಿಯಾಗಿತ್ತಲ್ಲ, ಮತ್ತ್ಯಾಕ ಹೋದ?" ಅಂತ ಕಟ್ಟೆಯವರು ಕೇಳಿದರು. ಚಿಗವ್ವ ಮಾತ್ರ ಏನೂ ಕೇಳಲಿಲ್ಲ. ಬೋರಮಾಳ ಅಡವಿಟ್ಟು ಸಾಲ ತೀರಿಸಿದ್ದು ಅವಳೇ, ರಾತ್ರಿ ಎದ್ದು ಕೂತದ್ದು ಅವಳೇ. ಟಿಕೆಟ್ ಇಪ್ಪತ್ತು ವರ್ಷದಿಂದ ಅವಳ ಹೆಸರಿನಲ್ಲೇ ಇತ್ತು.

ಕಟ್ಟೆಯವರ ಆ ಪ್ರಶ್ನೆಗೆ ಉತ್ತರ ಇದೆ. ವಾಸಿಯಾಗಿದ್ದು ನಡುಕ ಮಾತ್ರ. ಮದ್ಯದ ನೆನಪನ್ನು ಮೆದುಳು ಅಷ್ಟು ಬೇಗ ಅಳಿಸಲ್ಲ. ಸಕ್ಕರೆ ಕಾಯಿಲೆಯವರು ಒಮ್ಮೆ ಮಾತ್ರೆ ನುಂಗಿ ವಾಸಿಯಾಯಿತು ಅಂತಾರಾ? ಬಿಪಿ? ಇವು ದಿನಾ ನೋಡಿಕೊಳ್ಳುವ ರೋಗಗಳು, ಕುಡಿತದ ಅವಲಂಬನೆಯೂ ಅದೇ ಜಾತಿ. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಈ ಅಪಾಯದ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಅಂತ ತೋರಿಸಿವೆ. ಉಳಿದರ್ಧ ಮನೆ, ಊರು, ಕಷ್ಟ, ಸುಲಭವಾಗಿ ಸಿಗೋ ಬಾಟಲಿ.

"ರೋಗ ಅಂದ್ರೆ ಅವನಿಗೆ ನೆಪ ಸಿಕ್ಕಂಗಾಗಲ್ವಾ? ಹೆಂಡತಿಗೆ ಹೊಡೆದು, ನನಗೆ ರೋಗ ಅಂತಾನೆ" ಅನ್ನೋ ಮಾತಿದೆಯಲ್ಲ, ಅದನ್ನು ನಾನು ಗಂಭೀರವಾಗಿ ತಗೋತೀನಿ. 2019ರ ಜನವರಿಯಲ್ಲಿ ರಾಯಚೂರು ಕಡೆಯಿಂದ ಶುರುವಾದ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಬಂದರು. ಅವರ ಮುಂದೆ ಹೋಗಿ "ಅಮ್ಮಾ, ಅದು ರೋಗ" ಅಂತ ಹೇಳೋಕೆ ಬಾಯಿ ಬರುತ್ತಾ? ಬರಬೇಕು, ಆದರೆ ಪೂರ್ತಿ ಹೇಳಬೇಕು. ಕುಡಿತ ರೋಗ, ಹೊಡೆತ ಅಪರಾಧ. ಸಕ್ಕರೆ ಕಾಯಿಲೆ ಇದ್ದವನಿಗೂ ಪಥ್ಯ ಮಾಡುವ ಹೊಣೆ ಇದೆ. ರೋಗ ಅನ್ನೋ ಹೆಸರು ಹೊಣೆಯಿಂದ ಬಿಡುಗಡೆ ಕೊಡಲ್ಲ, ಚಿಕಿತ್ಸೆಗೆ ಹೋಗುವ ಹೊಸ ಹೊಣೆ ಹೊರಿಸುತ್ತೆ.

ಹೊಣೆ ಸರ್ಕಾರಕ್ಕೂ ಬರುತ್ತೆ. ಸೊಳ್ಳೆಯಿಂದ ಮಲೇರಿಯಾ ಬರುತ್ತೆ ಅಂತ ಗೊತ್ತಿದ್ದೂ ಯಾರಾದರೂ ಸೊಳ್ಳೆ ಸಾಕಿ ತೆರಿಗೆ ಎತ್ತಿದರೆ? 2003ರಲ್ಲಿ ಶುರುವಾದ ರಾಜ್ಯ ಪಾನೀಯ ನಿಗಮದ ಮೂಲಕ ಸಗಟು ಮಾರಾಟ ಸರ್ಕಾರದ್ದೇ. 2023-24ರಲ್ಲಿ ಅಬಕಾರಿ ಆದಾಯ 34 ಸಾವಿರ ಕೋಟಿ ರೂಪಾಯಿ ದಾಟಿತು. ನಿಜಾಮರ ಲೆಕ್ಕದ ಪುಸ್ತಕ ಬದಲಾಗಿಲ್ಲ, ಸೊನ್ನೆಗಳು ಜಾಸ್ತಿಯಾಗಿವೆ ಅಷ್ಟೇ.

ಹಾಗಾದರೆ ಕಾನೂನು ಈಗ ಏನನ್ನುತ್ತೆ? 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿತು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತಲೂ ಹೇಳಿತು. ಅಂತೂ ರೋಗ ಅಂತ ಮುದ್ರೆ ಬಿತ್ತು ಅಂದುಕೊಂಡಿರಾ? ಎರಡೇ ವರ್ಷಕ್ಕೆ, 2019ರಲ್ಲಿ, ವಿಮಾ ನಿಯಂತ್ರಣ ಪ್ರಾಧಿಕಾರ ಪ್ರಕಟಿಸಿದ ಪಟ್ಟಿಯಲ್ಲಿ ಆರೋಗ್ಯ ವಿಮೆಯಿಂದ ಹೊರಗಿಡಬಹುದಾದ ಬಾಬತ್ತುಗಳಲ್ಲಿ ಹನ್ನೆರಡನೆಯದು ಮದ್ಯವ್ಯಸನದ ಚಿಕಿತ್ಸೆ! ನಿಮ್ಮ ಕಂಪನಿ ಕೊಟ್ಟ ಪಾಲಿಸಿಯ ಸಣ್ಣಕ್ಷರಗಳನ್ನು ಒಮ್ಮೆ ತೆಗೆದು ಓದಿ. ಒಂದು ಕಾನೂನು ರೋಗ ಅನ್ನುತ್ತೆ, ಇನ್ನೊಂದು ನಿಯಮ ನಿನ್ನ ಕರ್ಮ ಅನ್ನುತ್ತೆ. ಭೀಮಾ ಗಡಿ ಈಗ ಕಾಗದದ ಮೇಲೆ ಹರಿಯುತ್ತಿದೆ.

2019ರ ಆ ಏಮ್ಸ್ ಸಮೀಕ್ಷೆಯಲ್ಲಿ ನನ್ನನ್ನು ಬಹಳ ಕಾಡಿದ ಅಂಕಿ ಇನ್ನೊಂದು. ಮದ್ಯ ಅವಲಂಬನೆ ಇರುವ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. 37 ಜನರ ಟಿಕೆಟ್ ಯಾರ ಹೆಸರಿನಲ್ಲಿದೆ ಅಂತ ನಾನು ಬೇರೆ ಹೇಳಬೇಕಾ?

ಅದಕ್ಕೇ ನನ್ನ ಮಟ್ಟಿಗೆ ಇದು ಪದಗಳ ಜಗಳ ಅಲ್ಲ. ರೋಗ ಅಂತ ಕರೆಯಬೇಕು, ಯಾಕಂದರೆ ಉಳಿದ ಹೆಸರುಗಳನ್ನೆಲ್ಲ ನಾವು ಕರೆದು ನೋಡಿಯಾಗಿದೆ. ವಿನೋದ, ದೋಷ, ಆದಾಯ, ಅಪರಾಧ, ಚಟ. ಒಂದೂ ಹೆಸರು ಅವನನ್ನು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಲಿಲ್ಲ. ಈ ಒಂದು ಹೆಸರಿಗೆ ಮಾತ್ರ ಆ ದಾರಿ ಗೊತ್ತು.

ಹಾಗಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ಊರಲ್ಲೋ ದಿನಾ ಕುಡಿಯೋರು ಇದ್ದರೆ, "ಇವತ್ತಿಂದಲೇ ಪೂರ್ತಿ ಬಿಡು" ಅಂತ ಆಣೆ ಹಾಕಿಸಿ ಸುಮ್ಮನಾಗಬೇಡಿ. ಬಿಡೋದನ್ನು ಡಾಕ್ಟರ ಕೈಕೆಳಗೇ ಮಾಡಿಸಿ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರಲಿ ಅಂತಲೇ ರಾಜ್ಯದಲ್ಲಿ 2014ರಲ್ಲಿ 'ಮನೋಚೈತನ್ಯ' ಕಾರ್ಯಕ್ರಮ ಶುರುವಾಯಿತು, ವಿಚಾರಿಸಿ ನೋಡಿ. 2022ರಿಂದ ಟೆಲಿಮನಸ್ ಸಹಾಯವಾಣಿ ಇದೆ, ನಂಬರು 14416, ಕನ್ನಡದಲ್ಲೇ ಮಾತಾಡಬಹುದು. ಬೇಕಿದ್ದರೆ ಜೋಳಿಗೆಗೂ ಹಾಕಿಸಿ, ಗಾಣಗಾಪುರಕ್ಕೂ ಹೋಗಿಬನ್ನಿ. ಡಾಕ್ಟರನ್ನು ಕಂಡು ಹೋಗಿ, ಅಷ್ಟೇ.

ಕಾಕಾ ಮೂರನೇ ಸಲದ ಚಿಕಿತ್ಸೆ ಮುಗಿಸಿ ಈಗ ಎರಡು ವರ್ಷವಾಯಿತು, ಮುಟ್ಟಿಲ್ಲ. ಮುಂದೆ ಹೇಗೋ ಗೊತ್ತಿಲ್ಲ. ತಿಂಗಳಿಗೊಮ್ಮೆ ಮಾತ್ರೆ ತರೋಕೆ ಅವರೇ ಅಫಜಲಪುರಕ್ಕೆ ಹೋಗ್ತಾರೆ, ಚಿಗವ್ವ ಜೊತೆಗೆ ಹೋಗೋದನ್ನು ಬಿಟ್ಟಿದ್ದಾಳೆ.